ತುಳಜಾಳ ಟೈಟಲ್

ದಾಂಡೇಲಿಯಲ್ಲಿ ಇಂಗ್ಲಿಷ್ ಬಲ್ಲವರಿಗೆ ಬರವಿರಲಿಲ್ಲ. ಬಂಗೂರನಗರದ ಕಡೆ ಹೋದರೆ ಕಾಲೇಜಿನ ಹುಡುಗರು, ಕಾಗದದ ಮಿಲ್ಲಿನ ಸಾಹೇಬರು, ಎಲ್ಲರೂ ಬಲ್ಲವರೇ. ಸಾಹೇಬರ ನಾಯಿಗಳು ಕೂಡ ‘ಕಮ್’ ಅಂದರೆ ಬರುತ್ತಿದ್ದವು, ‘ಬಾ’ ಅಂದರೆ ಮುಖ ತಿರುಗಿಸುತ್ತಿದ್ದವು. ಆದರೆ ಆ ಮಧ್ಯಾಹ್ನ ಶಮಶುದ್ದೀನ ಚಾಚಾನ ಅಂಗಡಿಯಲ್ಲಿ ಇದ್ದವರು ಚಾಚಾ, ಅವನ ಹೆಂಡತಿ ನಸೀರಾ, ಗೋವಾದಿಂದ ಟೆಂಪೋ ಹೊಡೆದುಕೊಂಡು ಬಂದ ಡ್ರೈವರ, ಮತ್ತು ಏಳನೇ ಇಯತ್ತೆಗೆ ಶಾಲೆ ಬಿಟ್ಟ ತುಳಜಾ. ಇಷ್ಟು ಜನರಲ್ಲಿ ಹೆಚ್ಚು ಕಲಿತವಳು ತಾನೇ ಆದದ್ದು ತುಳಜಾಳ ತಪ್ಪಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಂಡದ್ದು ಮಾತ್ರ ಅವಳದೇ ತಪ್ಪು.

ಟೆಂಪೋದಿಂದ ಇಳಿದದ್ದು ಒಂದು ಪಿನ್‌ಬಾಲ್ ಮಷಿನ್. ವಾಸ್ಕೋದಲ್ಲಿ ಮುಚ್ಚಿಹೋದ ಯಾವುದೋ ಬಾರಿನದು. ನಾಲ್ಕು ಕಾಲಿನ ಮೇಲೆ ಇಳಿಜಾರಾಗಿ ನಿಂತ, ಗಾಜು ಮುಚ್ಚಿದ ಪೆಟ್ಟಿಗೆ. ಒಳಗೆ ಅಣಬೆಯಂಥ ಗುಬುಟುಗಳು, ರಬ್ಬರಿನ ಬಳೆಗಳು, ಕೆಳಗಡೆ ಬೆರಳುದ್ದದ ಎರಡು ರೆಕ್ಕೆಗಳು. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಗುಬುಟುಗಳಿಗೆ ಬಡಿದು, ಗಂಟೆ ಬಾರಿಸುತ್ತ ಕೆಳಗಿಳಿಯುತ್ತದೆ. ಪಕ್ಕದ ಗುಂಡಿ ಒತ್ತಿ, ರೆಕ್ಕೆಯಿಂದ ಅದನ್ನು ಮತ್ತೆ ಮೇಲಕ್ಕೆ ಅಟ್ಟಬೇಕು. ನಡುವಿನ ಸಂದಿಗೆ ಬಿದ್ದುಹೋದರೆ ಆ ಗುಂಡಿನ ಕತೆ ಮುಗಿಯಿತು. ಹೀಗೆ ಒಂದು ಆಟಕ್ಕೆ ಐದು ಗುಂಡು. ಎದುರಿನ ನಿಲುವು ಗಾಜಿನ ಮೇಲೆ ಹಡಗಿನ ತುದಿಯಲ್ಲಿ ನಿಂತು ಕೈಬೀಸುವ ಹೆಂಗಸೊಬ್ಬಳ ಚಿತ್ರ. ಅವಳ ಕಾಲ ಬುಡದಲ್ಲಿ ಅಂಕಿಯ ಚಕ್ರಗಳು ಟಕಟಕ ತಿರುಗುತ್ತಿದ್ದವು.

ಚಾಚಾ ಮೋಟರು ರೇಡಿಯೊ ರಿಪೇರಿ ಮಾಡುವ ಮನುಷ್ಯ. ಕರೆಂಟು ಕೊಟ್ಟು ಆಡಿ ನೋಡಿದ. ಗುಂಡೊಂದು ಮೂಲೆಯಲ್ಲಿ ಸಿಕ್ಕಿಕೊಂಡಿತು. ಅವನು ಮುಷ್ಟಿಯಿಂದ ಒಂದು ಕೊಟ್ಟ. ಗಂಟೆ ಗಪ್ಪಾಯಿತು, ಒಳಗಿನ ದೀಪಗಳು ಆರಿದವು, ರೆಕ್ಕೆಗಳು ಸತ್ತಂತೆ ಬಿದ್ದವು. ಹಡಗಿನ ಹೆಂಗಸಿನ ಪಕ್ಕ ಮಾತ್ರ ಒಂದು ಪುಟ್ಟ ಕೆಂಪು ಕಿಟಕಿ ಹೊತ್ತಿಕೊಂಡಿತು. ಅದರಲ್ಲಿ ನಾಲ್ಕು ಅಕ್ಷರ.

“ಏನಂತ ಬರದೈತಿ ನೋಡು ಬೇಟಿ. ನೀ ಕಲತಾಕಿ ಅದಿ,” ಎಂದ ಚಾಚಾ.

ಇಲ್ಲಿ ತುಳಜಾಳ ಒಂದು ಪದ್ಧತಿಯನ್ನು ಹೇಳಬೇಕು. ಅವಳು ಮಾತಾಡುತ್ತಿರಲಿಲ್ಲ. ಮೂಕಿಯಲ್ಲ, ಸಿಟ್ಟಿನವಳೂ ಅಲ್ಲ. ಎದುರಿಗೆ ಗಂಡಸೊಬ್ಬ ನಿಂತರೆ, ಇಬ್ಬರಿಗಿಂತ ಹೆಚ್ಚು ಹೆಂಗಸರು ನಿಂತರೆ, ಅವಳ ಮಾತು ಗಂಟಲಲ್ಲೇ ಕಾಲು ಮಡಚಿ ಕೂತುಬಿಡುತ್ತಿತ್ತು. ಚಾಚಾನ ಅಂಗಡಿಯಲ್ಲೇ ಪರದೆ ಕಟ್ಟಿ ಮಾಡಿದ ನಸೀರಾ ಚಾಚಿಯ ಹೊಲಿಗೆಯ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವುದು, ಗುಂಡಿಮನೆ ಮಾಡುವುದು ಅವಳ ಕೆಲಸ. ಹೇಳುವುದೇನಾದರೂ ಇದ್ದರೆ ಚಾಚಿಯ ಕಿವಿಯಲ್ಲಿ ಹೇಳುತ್ತಿದ್ದಳು. ಚಾಚಿ ಅದನ್ನು ಓಣಿಗೆಲ್ಲ ಕೇಳುವಂತೆ ದಾಟಿಸುತ್ತಿದ್ದಳು.

ತುಳಜಾ ಅಕ್ಷರಗಳನ್ನು ನೋಡಿದಳು. ಟಿ, ಐ, ಎಲ್, ಟಿ. ಟಿ ಮತ್ತು ಐ ಕೂಡಿದರೆ ‘ಟೈ’. ಟೈಗರ್‌ನಲ್ಲಿ ಹಾಗೇ ಇತ್ತು. ಉಳಿದದ್ದು ಎಲ್ ಮತ್ತು ಟಿ. ಇಂಗ್ಲಿಷಿನ ಅಕ್ಷರಗಳು ಬರೆದ ಸಾಲಿನಲ್ಲೇ ಓದಿಸಿಕೊಳ್ಳುವುದಿಲ್ಲ ಎಂಬುದನ್ನು ಅವಳು ಐದನೇ ಇಯತ್ತೆಯಲ್ಲಿ ಬೆತ್ತದಿಂದಲೇ ಕಲಿತಿದ್ದಳು. ಆದ್ದರಿಂದ ಧೈರ್ಯವಾಗಿ ಒಂದನ್ನು ಆಚೆಗೆ, ಒಂದನ್ನು ಈಚೆಗೆ ಸರಿಸಿ, ಚಾಚಿಯ ಕಿವಿಗೆ ಬಾಯಿಟ್ಟಳು.

“ಟೈಟಲ್ ಅಂತ!” ಎಂದು ಚಾಚಿ ಕೂಗಿದಳು.

ಚಾಚಾನ ಮುಖ ಅರಳಿತು. ಹಳಿಯಾಳದಲ್ಲಿ ಕುಸ್ತಿ ಇದ್ದಾಗ ಅಂಗಡಿ ಬಾಗಿಲು ಹಾಕಿ ಹೋಗುವವನು ಅವನು. ಟೈಟಲ್ ಎಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. “ಅರೇ ವಾಹ್! ನೋಡ್ರಿ, ಮಷಿನ್ ಗಪ್ಪಾತು, ಕೈ ಬಿಟ್ಟತು. ಅಂದ್ರ ಚಿತ್ ಆತು! ನಾ ಗೆದ್ದೆ. ಟೈಟಲ್ ನಂದು!”

ಟೆಂಪೋದ ಡ್ರೈವರ ಏನೋ ಹೇಳಲು ಬಾಯಿ ತೆಗೆದ. ಚಾಚಿ ಅದರೊಳಗೆ ಚಹಾದ ಬಸಿ ಇಟ್ಟಳು.

ಅಂದಿನಿಂದ ಅದೇ ಕಾಯ್ದೆಯಾಯಿತು. ಅಂಕ ಎಷ್ಟೇ ಇರಲಿ, ಟೈಟಲ್ ಬೀಳಿಸಿದವನು ಗೆದ್ದಂತೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹಚ್ಚಿದ ಮೇಲೆ ಮತ್ತೇನು ಲೆಕ್ಕ? ಗೆದ್ದವನಿಗೆ ಚಾಚಾ ಗೋಲಿ ಸೋಡಾ ಒಡೆದು ಕೊಡುತ್ತಿದ್ದ. ಟೈಟಲ್ ಸುಲಭಕ್ಕೆ ಬೀಳುತ್ತಲೂ ಇರಲಿಲ್ಲ. ಪೆಟ್ಟಿಗೆಯ ಒಳಗೆ ತಂತಿಗೆ ನೇತುಬಿದ್ದ ಒಂದು ಕಬ್ಬಿಣದ ಬಟ್ಟು ಅಲ್ಲಾಡುವುದನ್ನು ಚಾಚಾ ಮೊದಲ ದಿನವೇ ಕಂಡಿದ್ದ. ‘ಸಡ್ಲ ಆಗೈತಿ’ ಎಂದು ಸೈಕಲ್ ಟ್ಯೂಬಿನ ತುಂಡು ತುರುಕಿ ಅದನ್ನು ಬಿಗಿಮಾಡಿದ್ದ. ಆಮೇಲೆ ಮಿಲ್ಲಿನ ಹಮಾಲರು ಬಂದು ಭುಜ ಕೊಟ್ಟರೂ ಒಮ್ಮೊಮ್ಮೆ ಟೈಟಲ್ ಬೀಳುತ್ತಿರಲಿಲ್ಲ.

ತುಳಜಾಳಿಗೆ ಬೀಳುತ್ತಿತ್ತು.

ಬೆಳಿಗ್ಗೆ ಶಟರ್ ಅರ್ಧ ಏರಿಸಿ ಕಸ ಗುಡಿಸುವಾಗ ಅಂಗಡಿಯಲ್ಲಿ ಯಾರೂ ಇರುತ್ತಿರಲಿಲ್ಲ. ಗಾಜು ಒರೆಸುವ ನೆಪದಲ್ಲಿ ಒಂದು ಆಟ, ಕಾಲು ಒರೆಸುವ ನೆಪದಲ್ಲಿ ಇನ್ನೊಂದು. ಮಷಿನ್ ಅವಳನ್ನು ದಿಟ್ಟಿಸುತ್ತಿರಲಿಲ್ಲ, ಯಾರ ಮಗಳು ಎಂದು ಕೇಳುತ್ತಿರಲಿಲ್ಲ. ಗಂಟೆ ಬಾರಿಸುತ್ತಿತ್ತು, ಅಷ್ಟೆ. ಮನೆಯಲ್ಲಿ, ಅಂಗಡಿಯಲ್ಲಿ, ನಳದ ಮುಂದೆ ಗೋಡೆಗೆ ಅಂಟಿಕೊಂಡೇ ನಡೆಯುವ ಹುಡುಗಿ ಇಲ್ಲಿ ಸೊಂಟಕ್ಕೆ ಓಢಣಿ ಬಿಗಿದು ನಿಲ್ಲುತ್ತಿದ್ದಳು. ಐದನೆಯ ಗುಂಡು ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು, ಉಸಿರು ಬಿಗಿಹಿಡಿದು, ಎಡ ಸೊಂಟದಿಂದ ಪೆಟ್ಟಿಗೆಗೆ ಒಂದು ಕೊಟ್ಟರೆ ಸಾಕು, ಕೆಂಪು ಕಿಟಕಿ ಹೊತ್ತಿಕೊಳ್ಳುತ್ತಿತ್ತು. ಇದು ತನಗೆ ದೇವರು ಕೊಟ್ಟ ವಿದ್ಯೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಸೊಂಟದಲ್ಲಿ ವಿದ್ಯೆ ಇಟ್ಟ ದೇವರು ಯಾರು ಎಂದು ಮಾತ್ರ ಅವಳು ಕೇಳಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಚಾಚಾ ಶಟರಿನ ಕೆಳಗೆ ಬಗ್ಗಿ ನೋಡಿದ. ಅಲ್ಲಿಗೆ ಗುಟ್ಟು ಮುಗಿಯಿತು. ‘ಟೈಟಲ್ ತುಳಜಾ’ ಎಂಬ ಹೆಸರು ಪೇಟೆಯಲ್ಲಿ ಓಡಾಡಿತು. ಅವಳು ತಲೆ ತಗ್ಗಿಸಿ ಹೋಗುವಾಗ ಹಿಂದಿನಿಂದ ಯಾರೋ ಹಾಗೆ ಕರೆದರೆ ತಲೆಯನ್ನು ಇನ್ನಷ್ಟು ತಗ್ಗಿಸುತ್ತಿದ್ದಳು. ಆದರೆ ನಡಿಗೆ ತುಸು ನಿಧಾನವಾಗುತ್ತಿತ್ತು, ಇನ್ನೊಮ್ಮೆ ಕರೆಯಲಿ ಎಂದು.

ಇದೆಲ್ಲ ಟಿವಿಗೆ ಹಚ್ಚಿ ಆಡುವ ಆಟಗಳು ಬರುವವರೆಗೆ. ತೊಂಬತ್ತೊಂಬತ್ತರ ಹೊತ್ತಿಗೆ ಹುಡುಗರಿಗೆ ಗುಂಡಿನ ಮೇಲೆ ಮನಸ್ಸಿರಲಿಲ್ಲ. ಚಾಚಾನ ಅಣ್ಣನ ಮಗ ಆರೀಫ ದಿನವೂ ಅದೇ ಮಾತು ತೆಗೆಯುತ್ತಿದ್ದ. “ಈ ಪೆಟಾರಿ ತಗೀರಿ ಚಾಚಾ. ಆ ಜಾಗಾದಾಗ ಟಿವಿ ಸಾಲಾಗಿ ಕೂಡ್ತಾವ. ಇದನ್ನ ಯಾರು ಆಡ್ತಾರ? ಕಸಾ ಹೊಡಿಯಾಕಿ ಒಬ್ಬಾಕಿ!”

ಪರದೆಯ ಈಚೆ ಕಸ ಹೊಡೆಯುವವಳ ಸೂಜಿ ಬೆರಳಿಗೆ ಚುಚ್ಚಿತು.

ಆಗ ಬಂದವನು ಕೈತಾನ್. ಗೋವಾದಲ್ಲಿ ಹೋಟೆಲು ಇದ್ದವನು, ಜೊಯಿಡಾದಾಚೆ ಅಣಶಿಯ ದಾರಿಯಲ್ಲಿ ಪ್ರವಾಸಿಗಳಿಗಾಗಿ ಇನ್ನೊಂದನ್ನು ತೆರೆಯುತ್ತಿದ್ದ. ಕೆಲವರಿಗೆ ಗಿಣಿ ಸಾಕುವ ಹುಚ್ಚು ಇದ್ದಂತೆ ಅವನಿಗೆ ಪಿನ್‌ಬಾಲ್ ಮಷಿನ್ ಕೂಡಿಹಾಕುವ ಹುಚ್ಚು. ಚಾಚಾನದನ್ನು ನೋಡಿದವನೇ ಹಡಗಿನ ಹೆಂಗಸಿನ ಮುಂದೆ ಮೊಣಕಾಲೂರಿ ಕೂತ. “ಈಕೆಯ ತಂಗಿ ನನ್ನ ಹತ್ತಿರ ಇದ್ದಾಳೆ. ಈಕೆಯನ್ನೂ ಕೊಡು,” ಎಂದ ಹಿಂದಿಯಲ್ಲಿ. ಹೊಸ ಹೋಟೆಲಿನ ಪ್ರಚಾರಕ್ಕೆ ಬಂಗೂರನಗರದ ಸಭಾಗೃಹದಲ್ಲಿ ಒಂದು ಸ್ಪರ್ಧೆ ಇಡುವವನಿದ್ದ. ತನ್ನ ಮಷಿನುಗಳನ್ನೆಲ್ಲ ತರುತ್ತಾನಂತೆ. ಕೊನೆಯ ಆಟ ಇದರ ಮೇಲೆಯೇ ಆಗಲಿ, ಇದು ಎಲ್ಲಕ್ಕಿಂತ ಹಿರಿಯಳು ಎಂದ.

ಚಾಚಾ ಗಡ್ಡ ಕೆರೆದುಕೊಂಡ. ಆರೀಫನ ಕಡೆ ನೋಡಿದ, ಪರದೆಯ ಕಡೆ ನೋಡಿದ. “ಒಂದು ಮಾತು. ನಮ್ಮ ಅಂಗಡಿ ಹುಡುಗಿ ಆಡ್ತಾಳ. ಆಕಿ ಗೆದ್ರ ಮಷಿನ್ ನಮ್ಮಲ್ಲೇ ಇರ್ತೈತಿ, ಆರೀಫ ಬಾಯಿ ಮುಚ್ಕೊಂಡು ಕೂಡ್ತಾನ. ಸೋತ್ರ ನೀವು ಒಯ್ರಿ.”

“ಗೆದ್ರ ನೋಡಾಕ ಮಂದಿ ಬರ್ತಾರ, ಆಗ್ಲಿ,” ಎಂದ ಆರೀಫ. “ಆದ್ರ ಆಕಿ ಮಂದಿ ಮುಂದ ನಿಂದರ್ತಾಳೇನು?”

ಪರದೆಯ ಹಿಂದೆ ಪಿಸುಪಿಸು ಕೇಳಿಸಿತು. “ಒಲ್ಲೆ ಅಂತಾಳ!” ಎಂದು ಚಾಚಿ ಕೂಗಿದಳು.

ಮರುದಿನ ಬೆಳಿಗ್ಗೆ ತುಳಜಾ ಕಸ ಗುಡಿಸಲು ಬಂದಾಗ ಆರೀಫ ಟೇಪು ಹಿಡಿದು ಮಷಿನಿನ ಮೂಲೆಯನ್ನು ಅಳೆಯುತ್ತಿದ್ದ. ಹೆಣದ ಉದ್ದ ಅಳೆದಂತೆ ಅಳೆಯುತ್ತಿದ್ದ ಎಂದು ಅವಳಿಗನ್ನಿಸಿತು. ಓಡಿಹೋಗಿ, ಹಿಟ್ಟು ನಾದುತ್ತಿದ್ದ ಚಾಚಿಯ ಕಿವಿ ಹಿಡಿದಳು. “ಹೂಂ ಅಂತಾಳ!” ಎಂಬ ಕೂಗು ಹಿಂದಿನ ಓಣಿಯವರೆಗೂ ಹೋಯಿತು.

ತುಳಜಾಳ ಆಯಿ ದ್ವಾರಕಾಬಾಯಿ ಖಾನಾವಳಿಯೊಂದರಲ್ಲಿ ಭಕ್ಕರಿ ಬಡಿಯುವವಳು. ಮಗಳು ಮದುವೆಗೆ ಬಂದಿದ್ದಾಳೆ ಎಂಬುದೇ ಆಕೆಗೆ ಹಗಲೂ ಇರುಳೂ ಎದೆಯ ಮೇಲಿನ ಕಲ್ಲು. “ಆಡು, ಯಾರ್ ಬ್ಯಾಡಂದ್ರು? ಆದ್ರ ಮಂದಿ ಬಾಯಾಗ ಬೀಳಬ್ಯಾಡ. ಅಲ್ಲಿ ಏನರ ಒಂದು ಮಾತು ಬಂದ್ರ ನಾಳೆ ಹಳಿಯಾಳಕ್ಕ ಮುಟ್ತೈತಿ, ನಾಡದ ಮುಂಡಗೋಡಕ್ಕ,” ಎಂದು ಓಢಣಿಗೆ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಪಿನ್ನು ಚುಚ್ಚಿ ಕಳಿಸಿದಳು. ಕಳಿಸಿ, ಸಮಾಧಾನವಾಗದೆ, ತಾನೂ ಹಿಂದೆಯೇ ಬಂದಳು.

ಸಭಾಗೃಹದ ಬಾಗಿಲಲ್ಲಿ ತುಳಜಾ ನಿಂತುಬಿಟ್ಟಳು. ಜನರನ್ನು ನೋಡಿ ಅಲ್ಲ, ಮಷಿನುಗಳನ್ನು ನೋಡಿ. ಒಂದು ಇಡೀ ಮನೆತನವೇ ಅಲ್ಲಿ ಸಾಲಾಗಿ ನಿಂತಿತ್ತು. ಮೊದಲಿಗೆ ಅವರ ಅಂಗಡಿಯದು. ತೊಳೆದು ಒರೆಸಿದ್ದರಿಂದ ಗುರುತೇ ಸಿಗದಂತಾಗಿತ್ತು. ಅದರ ಪಕ್ಕ ಕಟ್ಟಿಗೆಯ ಅಂಚಿನ, ಇಸ್ಪೀಟು ರಾಣಿಯರ ಚಿತ್ರದ ಇನ್ನೊಂದು. ಅಂಕಿಯ ಚಕ್ರ ತಿರುಗುವಾಗ ಮುದುಕಿ ಮೆಟ್ಟಿಲೇರಿದಂತೆ ಸದ್ದು. ಆಮೇಲಿನದು ಎಂಬತ್ತರ ಕಾಲದ್ದು: ಚಕ್ರಗಳ ಬದಲು ಹೊಳೆಯುವ ಅಂಕಿ, ಒಳಗಿನಿಂದ ನೆಗಡಿಯಾದವನ ದನಿಯಲ್ಲಿ ಒಂದು ಇಂಗ್ಲಿಷ್ ಬೈಗುಳ. ಕೊನೆಗೆ ಹೊಸದು. ಅದು ಪೆಟ್ಟಿಗೆಯಲ್ಲ, ಬೆಳಗಾವಿಯ ಬಸ್‌ಸ್ಟ್ಯಾಂಡು. ಮೇಲು ಸೇತುವೆ, ಕೆಳದಾರಿ, ಸುರಂಗ. ತಲೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳು ಕೂಡಿ ಕುದುರೆಯಾಗುತ್ತಿದ್ದವು, ಕುದುರೆ ಚೆದುರಿ ಅಂಕಿಯಾಗುತ್ತಿತ್ತು. ಹಳೆಯದು ನೂರು ಕೊಡಲು ಹಿಂದೆಮುಂದೆ ನೋಡುವಲ್ಲಿ ಇದು ಲಕ್ಷಗಳನ್ನು ಚುರುಮುರಿಯಂತೆ ಎರಚುತ್ತಿತ್ತು.

ಕೈತಾನ್ ಮೈಕು ಹಿಡಿದು ನಿಯಮ ಹೇಳಿದ. ಅವನ ಮಾತಿನಲ್ಲಿ ಕೊಂಕಣಿ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿ, ಮೇಲೆ ಒಗ್ಗರಣೆಗಷ್ಟು ಕನ್ನಡ ಇತ್ತು. ಮೊದಲ ಸುತ್ತು ಹೊಸ ಮಷಿನಿನ ಮೇಲೆ. ಹೆಚ್ಚು ಅಂಕ ಪಡೆದ ಇಬ್ಬರು ಹಳೆಯದರ ಮೇಲೆ ಕೊನೆಯ ಆಟ ಆಡಬೇಕು. ಹಳೆಯದರ ಒಳಗೆ ಸೈಕಲ್ ಟ್ಯೂಬು ಸಿಕ್ಕಿತು, ತೆಗೆದಿದ್ದೇವೆ ಎಂದ. “ಕಚರಾ ತಗದ್ರು, ಛಲೋ ಆತು,” ಎಂದ, ತಾನೇ ತುರುಕಿದ್ದನ್ನು ಮರೆತ ಚಾಚಾ. ಕೊನೆಗೆ ಕೈತಾನ್ ಬೆರಳೆತ್ತಿ ಎರಡೆರಡು ಸಲ ಹೇಳಿದ: “ಟಿಲ್ಟ್ ಮಾಡಬೇಡಿ. ಟಿಲ್ಟ್ ಆದರೆ ಆಟ ಖತಂ.”

“ಟಿಲ್ಟ್ ಅಂದ್ರೇನ್ರೀ ಚಾಚಾ?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಕೊಂಕಣಿ ಇರಬೇಕು. ಉಗುಳಬ್ಯಾಡ್ರಿ ಅಂತ ಹೇಳಾಕತ್ತಾನ,” ಎಂದ ಚಾಚಾ. ಎಲೆ ಅಡಿಕೆ ಹಾಕಿದ್ದವರೆಲ್ಲ ಎದ್ದು ಹೊರಗೆ ಹೋಗಿ ಬಂದರು.

ಮೊದಲ ಸುತ್ತಿನಲ್ಲಿ ತುಳಜಾ ಹೇಗೆ ಗೆದ್ದಳು ಎಂಬುದನ್ನು ದಾಂಡೇಲಿಯವರು ಆಮೇಲೆ ಬಹಳ ಬಣ್ಣಿಸಿದರು. ನಡೆದದ್ದು ಇಷ್ಟು. ಅವಳು ಹಿಡಿ ಎಳೆದು ಬಿಟ್ಟಳು. ಗುಂಡು ಸುರಂಗಕ್ಕೆ ಹೋಯಿತು. ಮಷಿನ್ ಗುಡುಗಿದಂತೆ ಏನೋ ಕೂಗಿತು. ಒಂದು ಹೋದ ಕಡೆಯಿಂದ ಗುಂಡುಗಳ ಹಿಂಡೇ ಹೊರಬಂತು. ಇಷ್ಟು ಜನ ಒಮ್ಮೆಲೇ ಮೈಮೇಲೆ ಬಂದರೆ ಮಾಡುವುದನ್ನೇ ತುಳಜಾ ಮಾಡಿದಳು: ಕಣ್ಣು ಮುಚ್ಚಿ, ಎರಡೂ ಗುಂಡಿಗಳನ್ನು ಒತ್ತಿ ಹಿಡಿದು, ಗೋಡೆಗೆ ನಿಂತಂತೆ ನಿಂತುಬಿಟ್ಟಳು. ರೆಕ್ಕೆಗಳು ಎದ್ದೇ ಇದ್ದವು. ಗುಂಡುಗಳು ಅವುಗಳ ಮೇಲೆ ಬಿದ್ದು, ಒಂದಕ್ಕೊಂದು ಡಿಕ್ಕಿ ಹೊಡೆದು, ತಾವೇ ಮೇಲೆ ಹಾರಿ ತಾವೇ ಸೇತುವೆ ಹತ್ತಿದವು. ಅವಳು ಕಣ್ಣು ತೆರೆದಾಗ ಕಿತ್ತಳೆ ಚುಕ್ಕಿಗಳು ಅವಳಿಗೆ ಓದಲು ಬಾರದಷ್ಟು ಉದ್ದದ ಅಂಕಿಯಾಗಿದ್ದವು.

“ಎಂಥಾ ಧೈರ್ಯ ನೋಡ್ರಿ! ಕೈ ಸುದ್ದಾ ಅಳಗಾಡ್ಸಲಿಲ್ಲ!” ಎಂದು ಚಾಚಾ ಅಕ್ಕಪಕ್ಕದವರ ತೊಡೆಗೆ ಹೊಡೆದ.

ತುಳಜಾಳಿಗೆ ನಿಜ ಗೊತ್ತಿತ್ತು. ಆದರೂ ಚಪ್ಪಾಳೆ ಬಿದ್ದ ಮೇಲೆ, ಹೌದು, ಇದೂ ಒಂದು ವಿದ್ಯೆಯೇ ಇರಬೇಕು ಎಂದು ಒಳಗೊಳಗೇ ಒಪ್ಪಿಕೊಂಡಳು.

ಕೊನೆಯ ಆಟಕ್ಕೆ ಎದುರಾಳಿ ಮುಂಡಗೋಡದ ಹೇಮಲಪ್ಪ. ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳ ಕೊಳ್ಳುವ ವ್ಯಾಪಾರಿ, ದಪ್ಪ ಮೀಸೆ, ಅವಸರವೇ ಗೊತ್ತಿಲ್ಲದ ಮನುಷ್ಯ. ಪೆಟ್ಟಿಗೆಯನ್ನು ಮುಟ್ಟಿದರೆ ಎಲ್ಲಿ ನೊಂದೀತೋ ಎಂಬಂತೆ ಬೆರಳ ತುದಿಯಿಂದ ಆಡಿದ. ಐದು ಗುಂಡು ಮುಗಿಸಿ, ಟವೆಲಿನಿಂದ ಮೀಸೆ ಒರೆಸಿಕೊಂಡು, “ಬಾ ತಂಗಿ, ನಿನ್ನ ಪಾಳಿ,” ಎಂದು ಸರಿದು ನಿಂತ.

ತುಳಜಾ ಗಾಜಿನ ಮೇಲೆ ಅಂಗೈ ಇಟ್ಟಳು. ಅದೇ ತಂಪು, ಅದೇ ಹೆಂಗಸು, ಅದೇ ಕೈಬೀಸುವಿಕೆ. ಮೊದಲ ಗುಂಡಿನಿಂದಲೇ ಗಂಟೆ ಬಾಯಿಬಿಟ್ಟು ಬಾರಿಸತೊಡಗಿತು. ಈಗ ಅವಳು ಕಣ್ಣು ಮುಚ್ಚಲಿಲ್ಲ. ಈ ಮಷಿನಿನ ಎಡದ ರೆಕ್ಕೆ ತುಸು ಸೋಮಾರಿ, ಮೂಲೆಯ ರಬ್ಬರು ಗುಂಡನ್ನು ಬಲಕ್ಕೇ ಉಗುಳುತ್ತದೆ, ಇದೆಲ್ಲ ಅವಳಿಗೆ ತನ್ನ ಹಲ್ಲಿನಷ್ಟೇ ಪರಿಚಯ. ನಾಲ್ಕನೆಯ ಗುಂಡು ಮುಗಿಯುವ ಹೊತ್ತಿಗೆ ಅವಳ ಅಂಕ ಹೇಮಲಪ್ಪನ ಅಂಕದ ಹಿಮ್ಮಡಿ ಮುಟ್ಟಿತ್ತು. ಐದನೆಯ ಗುಂಡಿನಲ್ಲಿ ಗುಬುಟುಗಳಿಗೆ ನಾಲ್ಕಾರು ಬಡಿತ ಸಿಕ್ಕರೆ ಸಾಕು. ಮಷಿನ್ ಉಳಿಯಿತು, ಬೆಳಗಿನ ಆಟ ಉಳಿಯಿತು, ಆರೀಫನ ಟೇಪು ಸುರುಳಿ ಸುತ್ತಿಕೊಂಡು ಜೇಬಿಗೆ ಹೋಯಿತು.

ಆಗ ಹಿಂದಿನ ಸಾಲಿನಿಂದ ಶುರುವಾಯಿತು. “ಟೈಟಲ್! ಟೈಟಲ್! ಟೈಟಲ್!”

ಇಡೀ ದಾಂಡೇಲಿ ಕಾಲು ಬಡಿಯುತ್ತಿತ್ತು. ಕೈತಾನ್ ನಗುತ್ತಿದ್ದ, ಪ್ರಶಸ್ತಿಗಾಗಿ ಕೂಗುತ್ತಿದ್ದಾರೆ ಎಂದು ತಿಳಿದ. ತುಳಜಾ ಐದನೆಯ ಗುಂಡನ್ನು ಬಲ ರೆಕ್ಕೆಯ ಮೇಲೆ ಹಿಡಿದು ನಿಲ್ಲಿಸಿ ಯೋಚಿಸಿದಳು. ಅಂಕದಲ್ಲಿ ಗೆಲ್ಲುವುದು ಏನು ಗೆಲುವು? ಕಿರಾಣಿ ಅಂಗಡಿಯ ತಕ್ಕಡಿಯಂತೆ ಇತ್ತ ಒಂದು ಕಾಳು ಹೆಚ್ಚು, ಅತ್ತ ಒಂದು ಕಾಳು ಕಡಿಮೆ. ಇಷ್ಟು ಜನ ಬಂದಿದ್ದಾರೆ. ಗೆಲ್ಲುವುದಾದರೆ ಚಿತ್ ಮಾಡಿಯೇ ಗೆಲ್ಲಬೇಕು. ಬದುಕಿನಲ್ಲಿ ಮೊದಲ ಸಲ ಅವಳಿಗೆ ಜನ ನೋಡಲಿ ಅನ್ನಿಸಿತು. ಅದೇ ಹೊತ್ತಿಗೆ ಅನ್ನಿಸಬೇಕೆ!

ಗುಂಡನ್ನು ಮೇಲಕ್ಕೆ ಅಟ್ಟಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಉಸಿರು ಬಿಗಿಹಿಡಿದಳು. ಓಢಣಿಯ ಪಿನ್ನೊಂದು ಪಟ್ಟನೆ ಸಿಡಿಯಿತು. ಎಡ ಸೊಂಟ ಪೆಟ್ಟಿಗೆಗೆ ಬಡಿದ ರಭಸಕ್ಕೆ ಮಷಿನಿನ ನಾಲ್ಕೂ ಕಾಲುಗಳು ಫರಸಿಯ ಮೇಲೆ ಕಿರ್ರೆಂದು ಸರಿದವು.

ದೀಪ ಆರಿತು. ಗಂಟೆ ನಿಂತಿತು. ಕೆಂಪು ಕಿಟಕಿ ಹೊತ್ತಿಕೊಂಡಿತು.

ಸಭಾಗೃಹ ಹಾರಿಹೋಗುವಂತೆ ಸಿಳ್ಳೆ. ಚಾಚಾ ಟೊಪ್ಪಿಗೆ ಮೇಲಕ್ಕೆಸೆದ. ಆರೀಫ ಕೂಡ ಎದ್ದು ನಿಂತಿದ್ದ. ತುಳಜಾ ಸೋತ ಪೈಲವಾನನ ಎದೆಯ ಮೇಲಿಂದ ಎದ್ದವಳಂತೆ ಜನರ ಕಡೆ ತಿರುಗಿ ನಿಂತಳು. ಕೈತಾನ್ ಮಾತ್ರ ತಲೆಯ ಮೇಲೆ ಕೈಹೊತ್ತಿದ್ದ. ಈ ಊರಿನವರು ತಮ್ಮದೇ ಹುಡುಗಿ ಸೋತರೆ ಇಷ್ಟು ಕುಣಿಯುತ್ತಾರಲ್ಲ, ಎಂಥ ಜನ ಎಂದು ಅವನು ಬೆರಗಾಗಿ ನೋಡುತ್ತಿದ್ದ.

“ಟೈಟಲ್ ಬಿತ್ತು! ಕಪ್ಪು ಕೊಡ್ರಿ!” ಎಂದು ಚಾಚಾ ಮುಂದೆ ನುಗ್ಗಿದ.

“ಯಾವ ಟೈಟಲ್? ಅದು ಟಿಲ್ಟ್! ಟಿಲ್ಟ್ ಅಂದರೆ ಮಷಿನ್ ವಾಲಿತು ಅಂತ. ದಬ್ಬಿದರೆ ಆಟ ರದ್ದು. ಒಳಗೆ ಬಟ್ಟು ಇದೆಯಲ್ಲ, ಅದು ಇರುವುದೇ ಅದಕ್ಕೆ. ಎಮ್ಮೆ ಬಂದು ಮೈ ತಿಕ್ಕಿದರೂ ಟಿಲ್ಟ್ ಆಗುತ್ತದೆ, ಅದರಲ್ಲಿ ಗೆಲ್ಲುವುದು ಏನಿದೆ?” ಎಂದು ಕೈತಾನ್ ಹಿಂದಿಯಲ್ಲಿ ರೇಗಿದ.

ಸಿಳ್ಳೆಗಳು ಒಂದೊಂದಾಗಿ ನಿಂತವು. ಚಾಚಾ ಬಗ್ಗಿ ಕೆಂಪು ಕಿಟಕಿ ನೋಡಿದ, ತುಳಜಾಳನ್ನು ನೋಡಿದ, ಮತ್ತೆ ಕಿಟಕಿ ನೋಡಿದ. “ಆದ್ರ ನಮ್ಮ ಹುಡುಗಿ ಓದಿದ್ಲಲ್ರೀ,” ಎಂದ. ಅವನ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದ್ದದ್ದು ನಂಬಿಕೆ.

ಏಳನೇ ಇಯತ್ತೆಯ ಇಂಗ್ಲಿಷ್ ಪುಸ್ತಕ, ಐದನೇ ಇಯತ್ತೆಯ ಬೆತ್ತ, ಟೈಗರು, ಒಡೆದು ಕುಡಿದ ಗೋಲಿ ಸೋಡಾಗಳು ಎಲ್ಲ ಅವಳ ತಲೆಯಲ್ಲಿ ಗರಗರ ತಿರುಗಿದವು. ಎಮ್ಮೆಯೂ ಮಾಡಬಲ್ಲ ಕೆಲಸಕ್ಕೆ ದೇವರನ್ನು ಹೊಣೆ ಮಾಡಿದ್ದಳು.

ಕೈತಾನ್ ಒಳ್ಳೆಯ ಮನುಷ್ಯ. ಹುಡುಗಿಯ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿತು. ಚಾಚಾನನ್ನೂ ಕರೆದು ಹೇಮಲಪ್ಪನ ಜೊತೆ ಏನೋ ಮಾತಾಡಿದ. ಹೇಮಲಪ್ಪ ಮೀಸೆ ತೀಡುತ್ತ ತಲೆದೂಗಿದ. ಆಮೇಲೆ ಕೈತಾನ್ ಮೈಕಿನ ಮುಂದೆ ಬಂದ. ಬೇಕೆಂದು ದಬ್ಬಿದರೆ ಆಟ ರದ್ದು. ಆದರೆ ನೆಲ ನುಣುಪು, ಹುಡುಗಿ ತಪ್ಪಿ ತಾಗಿದ್ದರೆ ಕೊನೆಯ ಗುಂಡನ್ನು ಮತ್ತೊಮ್ಮೆ ಆಡಲಿ, ಇಷ್ಟು ಅವನ ತೀರ್ಮಾನ. ಅದನ್ನು ಒಂದೇ ಪ್ರಶ್ನೆಯಲ್ಲಿ ಹೇಳಲು ತನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಕೂಡಿಸಿಕೊಂಡು, ಮೈಕನ್ನು ತುಳಜಾಳ ಬಾಯಿಗೆ ಹಿಡಿದು, ಇಡೀ ಸಭಾಗೃಹಕ್ಕೆ ಕೇಳುವಂತೆ ಕೇಳಿದ:

“ತುಳಜಾ ಬಾಯಿ, ನಿಜ ಹೇಳು. ನಿನ್ನ ಕಾಲು ಜಾರಿತಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಾಯಿಗೆ ಸೆರಗು ಒತ್ತಿಕೊಂಡರು, ಮೊಣಕೈಯಿಂದ ತಿವಿದುಕೊಂಡರು. ಮದುವೆಯಾಗದ ಹುಡುಗಿಯ ಕಾಲು ಜಾರುವುದು ಎಂದರೆ ಏನೆಂದು ಕೈತಾನ್ ಒಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದ್ವಾರಕಾಬಾಯಿ ಎದೆಗೆ ಕೈಯಿಟ್ಟು ಎದ್ದು ನಿಂತಳು.

“ಹೂಂ ಅನ್ನು ಬೇಟಿ,” ಎಂದು ಚಾಚಾ ಕೆಳಗಿನಿಂದ ಪಿಸುಗುಟ್ಟಿದ. “ಜಾರಿತು ಅನ್ನು. ಮಷಿನ್ ಉಳೀತೈತಿ. ಒಂದ ಮಾತು!”

“ಅಂದೀ ನೋಡು!” ಎಂದಳು ದ್ವಾರಕಾಬಾಯಿ.

ತುಳಜಾ ಚಾಚಿಯ ಕಿವಿಗಾಗಿ ಹುಡುಕಿದಳು. ಚಾಚಿ ಹೆಂಗಸರ ಸಾಲಿನಲ್ಲಿ ದೂರ ಕೂತಿದ್ದಳು. ಹತ್ತಿರವಿದ್ದ ಕಿವಿ ಎಂದರೆ ಮೈಕು ಒಂದೇ.

ಅವಳು ಮೈಕಿನಲ್ಲಿ ಹೇಳಿದ್ದನ್ನು ಆಯಿಯ ಮರ್ಯಾದೆಗೆ ಹೆದರಿ ಹೇಳಿದಳು ಎಂದು ಜನ ಆಮೇಲೆ ತಿಳಿದರು. ಅವಳೂ ತಿದ್ದಲು ಹೋಗಲಿಲ್ಲ. ಆದರೆ ಅದು ಅರ್ಧ ನಿಜ. ಕೈತಾನನ ಪ್ರಶ್ನೆಗೆ ಇನ್ನೊಂದು ಅರ್ಥವೂ ಇತ್ತಲ್ಲ, ಅವಳಿಗೆ ಹೆಚ್ಚು ನೋವಾದದ್ದು ಅದರಿಂದ. ಜಾರಿ ಬಿದ್ದು ತಾಗುವುದಂತೆ! ಆ ಹೊಡೆತ! ಅಷ್ಟು ಅಚ್ಚುಕಟ್ಟಾದ, ಇಷ್ಟು ವರ್ಷ ತಿದ್ದಿ ತೀಡಿದ ಹೊಡೆತವನ್ನು ಎಡವಿದ್ದು ಎನ್ನಬೇಕೆ? ಪೆದ್ದಿ ಅನ್ನಲಿ, ಎಮ್ಮೆ ಅನ್ನಲಿ. ಕೈಕಾಲು ಸರಿಯಿಲ್ಲದವಳು ಎಂದು ಮಾತ್ರ ಅನ್ನಕೂಡದು.

“ಇಲ್ರೀ!” ಎಂದಳು. ಆ ದನಿ ಯಾರದೆಂದು ಅವಳೇ ಒಮ್ಮೆ ಹಿಂತಿರುಗಿ ನೋಡಿದಳು. ಮೈಕಿನಿಂದ ಅದು ಹೊರಗಿನ ಚಹಾದಂಗಡಿಗೂ ಕೇಳಿಸಿತ್ತು. “ನನ್ನ ಕಾಲು ಜಾರಿಲ್ರೀ. ನಾ ಬೇಕಂತನ ಮಾಡೇನಿ!”

ಆಮೇಲಿನ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಹೇಮಲಪ್ಪನಿಗೆ ಕಪ್ಪು ಕೊಟ್ಟದ್ದನ್ನು ಹೇಮಲಪ್ಪನೇ ಸರಿಯಾಗಿ ನೋಡಲಿಲ್ಲ. ಟವೆಲಿನಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದ.

ಮನೆಗೆ ಹೋಗುವ ದಾರಿಯುದ್ದಕ್ಕೂ ತುಳಜಾ ಬೈಗುಳ ಕಾಯುತ್ತ ನಡೆದಳು. ದ್ವಾರಕಾಬಾಯಿ ತಲೆ ತಗ್ಗಿಸಿ ದಾಪುಗಾಲು ಹಾಕುತ್ತಿದ್ದಳು. ನಳದ ಹತ್ತಿರ ಹೆಂಗಸರು ಗುಂಪಾಗಿ ನಿಂತದ್ದು ಕಂಡಾಗ ಮಾತ್ರ ತಲೆಯೆತ್ತಿ, ಯಾರೂ ಕೇಳದಿದ್ದರೂ, “ನನ್ನ ಮಗಳು ಮೈಕ್ನ್ಯಾಗ ಹೇಳ್ಯಾಳ. ಕಾಲು ಜಾರಿಲ್ಲಂತ. ನಿಮ್ಮ ಮಕ್ಕಳ ಕಡೆಯಿಂದ ಹೇಳಸ್ರಿ ನೋಡೂಣು!” ಎಂದು ಸೆರಗು ಕೊಡವಿ ಮುಂದೆ ನಡೆದಳು. ಮಾತಿನ ಕೊನೆಯ ತುಂಡನ್ನು ಆಕೆ ಬಿಟ್ಟುಬಿಟ್ಟಿದ್ದಳು.

ಕೊಟ್ಟ ಮಾತು ಕೊಟ್ಟದ್ದೇ. ಸ್ಪರ್ಧೆಯಿಂದ ಅಂಗಡಿಗೆ ಮರಳಿದ ಮಷಿನನ್ನು ಒಯ್ಯಲು ಮರುದಿನ ಕೈತಾನ್ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ. ಚಾಚಾ ತಾನೇ ಕಾಲುಗಳ ಬೋಲ್ಟು ಬಿಚ್ಚಿದ. ಬಿಚ್ಚುತ್ತ ಗೊಣಗುತ್ತಿದ್ದ. “ಇಷ್ಟು ವರ್ಷ ನಮ್ಮ ಅಂಗಡ್ಯಾಗ ಅದಾಳ. ಬಾಯಿ ತಗಿ ಬೇಟಿ, ಬಾಯಿ ತಗಿ ಅಂತ ನಾ ಹೇಳಿ ಹೇಳಿ ಸಾಕಾತು. ತಗದ್ಲು. ಯಾವಾಗ? ಮುಚ್ಕೊಂಡು ಹೂಂ ಅಂದಿದ್ರ ಸಾಕಿತ್ತು, ಆವಾಗ!”

“ಬೈಯಬ್ಯಾಡ್ರಿ,” ಎಂದಳು ನಸೀರಾ. “ಒಂದ ಸಲ ಮಾತಾಡ್ಯಾಳ.”

ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಟೆಂಪೋದಲ್ಲಿ ಮಲಗಿಸಿದರು. ಗೋಣಿಯ ಸಂದಿಯಿಂದ ಹಡಗಿನ ಹೆಂಗಸು ಆಕಾಶ ನೋಡುತ್ತ ಕೈಬೀಸುತ್ತಿದ್ದಳು. ತುಳಜಾ ಪರದೆಯ ಸಂದಿಯಿಂದ ಎಲ್ಲವನ್ನೂ ನೋಡಿದಳು. ಹಗ್ಗವನ್ನು ಗಾಜಿನ ಅಂಚಿಗೇ ಬಿಗಿಯುತ್ತಿದ್ದರು. ಅವಳು ಚಾಚಿಯ ಕಿವಿಗೆ ಬಗ್ಗಿದಳು. ಚಾಚಿ ಕಿವಿಗೆ ಅಡ್ಡಲಾಗಿ ಅಂಗೈ ಇಟ್ಟುಕೊಂಡಳು. “ನಾ ಹೇಳಾಕಿಲ್ಲ. ನಿನಗ ಬಾಯಿ ಐತಿ, ನಿನ್ನೆ ಇಡೀ ಊರು ನೋಡೇತಿ.”

ತುಳಜಾ ಹೊರಗೆ ಬಂದಳು. “ಹಗ್ಗ ಅಲ್ಲಿ ಕಟ್ಟಬ್ಯಾಡ್ರಿ,” ಎಂದಳು ಕೈತಾನನಿಗೆ, ಅವನ ಬೂಟುಗಳನ್ನು ನೋಡುತ್ತ. “ಗಾಜು ಸಡ್ಲ ಐತಿ.”

“ಸರಿ ಮಾಡಿದ್ದೇನೆ, ಬಾಯಿ,” ಎಂದ ಅವನು.

“ಎಡಗಡೆ ರೆಕ್ಕಿ ಮಳಿಗಾಲದಾಗ ಹಿಡ್ಕೋತೈತಿ.”

“ಗೊತ್ತು. ಅದಕ್ಕೆ ಹೊಸದು ತರಿಸಿದ್ದೇನೆ.”

ಸೊಂಟದಿಂದ ಹೊಡೆಯುವ ವಿದ್ಯೆಯ ಗತಿಯೇ ಈ ವಿದ್ಯೆಗೂ ಆಯಿತು. ಆದರೆ ಒಮ್ಮೆ ತೆರೆದ ಬಾಯಿಯನ್ನು ಮುಚ್ಚುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೂರನೆಯ ಗುಬುಟಿನ ದೀಪ ಒಮ್ಮೊಮ್ಮೆ ಮಿಣುಕುತ್ತದೆ, ಬಡಿದರೆ ಸರಿಯಾಗುತ್ತದೆ, ಮೆಲ್ಲಗೆ ಬಡಿಯಬೇಕು, ಜೋರಾಗಿ ಬಡಿದರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ, ಎಂದಳು. ಗಾಜನ್ನು ಒಣ ಬಟ್ಟೆಯಿಂದ ಒರೆಸಬೇಕು, ಬೆಳಿಗ್ಗೆಯ ಮೊದಲ ಗುಂಡು ಯಾವಾಗಲೂ ಸುಮ್ಮನೆ ಕೆಳಗೆ ಬೀಳುತ್ತದೆ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು ಎಂದಳು. ಕೈತಾನ್ ಮೊದಮೊದಲು ‘ಗೊತ್ತು’ ಎನ್ನುತ್ತಿದ್ದವನು ಆಮೇಲೆ ಸುಮ್ಮನೆ ತಲೆಯಾಡಿಸುತ್ತ ನಿಂತ. ಆರೀಫ ಟಿವಿಯ ವೈರು ಕೈಯಲ್ಲಿ ಹಿಡಿದು ಬಾಯಿಬಿಟ್ಟು ನೋಡುತ್ತಿದ್ದ.

ಡ್ರೈವರ ಎಂಜಿನ್ ಚಾಲೂ ಮಾಡಿದ. “ಮುಗೀತೇನವಾ?”

“ತಡೀರಿ, ಇನ್ನೂ ಐತಿ,” ಎಂದಳು ತುಳಜಾ. ಟೆಂಪೋ ಮೆಲ್ಲಗೆ ಸರಿಯಿತು. ಅವಳು ಅದರ ಪಕ್ಕದಲ್ಲೇ ನಡೆಯುತ್ತ, ಗೋಡೆಯನ್ನು ಬಿಟ್ಟು ನಡುರಸ್ತೆಯಲ್ಲಿ, ಇಡೀ ಪೇಟೆ ಅಂಗಡಿ ಕಟ್ಟೆಗಳಿಂದ ನೋಡುತ್ತಿರುವಾಗ, ಕಿಟಕಿಯೊಳಗಿನ ಕೈತಾನನಿಗೆ ಏರುದನಿಯಲ್ಲಿ ಬಲಗಡೆಯ ಸ್ಪ್ರಿಂಗಿನ ಸ್ವಭಾವವನ್ನು ಹೇಳುತ್ತಲೇ ಇದ್ದಳು.